ಕಂಡಕ್ಟರಮ್ಮನ ಒಂಬತ್ತು ತಿಂಗಳು

ಹದಿನಾಲ್ಕು ವರ್ಷ ಸಿಟಿ ಬಸ್ಸಿನಲ್ಲಿ ಸೀಟಿ ಊದಿದವಳು ಕಂಡಕ್ಟರಮ್ಮ. ಒಂದು ದಿನ ತಪಾಸಣೆಗೆ ಹತ್ತಿದ ಇನ್‌ಸ್ಪೆಕ್ಟರ್ ತುಂಬಿದ ಬಸ್ಸಿನಲ್ಲಿ ಅವಳನ್ನು ಕಳ್ಳಿ ಎಂದ. ಅವಳು ಕೊರಳಲ್ಲಿದ್ದ ಟಿಕೆಟ್ ಮಷಿನ್ ತೆಗೆದು ಅವನ ಬಾಯಿಗೇ ಬಾರಿಸಿದಳು. ಮುಂದಿನ ಎರಡು ಹಲ್ಲು ಉದುರಿದವು. ಅದರಲ್ಲೊಂದು ಮೊದಲೇ ಅಲ್ಲಾಡುತ್ತಿತ್ತು ಎಂದು ಕೋರ್ಟಿನಲ್ಲಿ ವಾದಿಸಿದಳು. ನ್ಯಾಯಾಧೀಶರಿಗೆ ನಗು ಬಂತು. ಆದರೂ ಒಂಬತ್ತು ತಿಂಗಳು ಹಾಕಿದರು.

ಅತ್ತೆ ಹಣೆ ಚಚ್ಚಿಕೊಂಡರು. "ನಿನ್ನ ಮದುವೆಯಾಗಿ ಇಷ್ಟು ವರ್ಷಕ್ಕೆ ಒಂಬತ್ತು ತಿಂಗಳು ಅನ್ನೋ ಮಾತು ಕೇಳಿದೆ ಕಣೇ, ಅದೂ ಹೀಗೆ!"

ಗಂಡ ಬಂದರಿನಲ್ಲಿ ಕ್ರೇನ್ ಓಡಿಸುವವನು, ತಿಂಗಳಿಗೊಮ್ಮೆ ಮನೆಗೆ ಬರುವವನು. ಹಾಗಾಗಿ ಬೀದಿಗೆ ಜವಾಬು ಹೇಳುವ ಕೆಲಸ ಅತ್ತೆಯ ಪಾಲಿಗೆ ಬಂತು. ಸೊಸೆಗೆ ಶ್ವಾಸಕೋಶದ ಕಾಯಿಲೆ, ಬೆಟ್ಟದ ಮೇಲಿನ ಆಸ್ಪತ್ರೆಗೆ ಸೇರಿಸಿದ್ದೇವೆ, ಅಂಟುರೋಗ, ನೋಡಲು ಯಾರನ್ನೂ ಬಿಡುವುದಿಲ್ಲ ಎಂದು ಒಂದೇ ಉಸಿರಿಗೆ ಸಾರಿಬಿಟ್ಟರು.

ಸೆಲ್ ಕಟ್ಟಿದ್ದು ನಾಲ್ವರಿಗೆ, ಒಳಗಿದ್ದವರು ಏಳು ಹೆಂಗಸರು. ಮೂಲೆಯಲ್ಲಿ ಮೊಣಕಾಲೆತ್ತರದ ಗೋಡೆ, ಅದರಾಚೆ ಕಕ್ಕಸು. ಕೂತವಳ ತಲೆ ಈಚೆಗೆ ಕಾಣುತ್ತಿತ್ತು. ಮೊದಲ ವಾರ ಎಲ್ಲರೂ ಮುಖ ತಿರುಗಿಸುತ್ತಾರೆ. ಎರಡನೇ ವಾರ ಮುಖ ನೋಡಿಕೊಂಡೇ ಹರಟೆ ಮುಂದುವರಿಸುತ್ತಾರೆ. ಹೊಸಬಳ ಚಾಪೆ ಆ ಗೋಡೆಗೆ ಒತ್ತಿಕೊಂಡೇ. ಯಾರಾದರೂ ಬಿಡುಗಡೆಯಾದರೆ ಉಳಿದವರಿಗೆ ಕಿಟಕಿಯ ಕಡೆಗೆ ಒಂದು ಚಾಪೆಯಷ್ಟು ಬಡ್ತಿ. ಒಬ್ಬಳ ಜಾಮೀನಿಗಾಗಿ ಆರು ಜನ ಅಷ್ಟು ಮನಸಾರೆ ಹಾರೈಸುವುದನ್ನು ಕಂಡಕ್ಟರಮ್ಮ ಹೊರಗಡೆ ಎಲ್ಲೂ ಕಂಡಿರಲಿಲ್ಲ.

ಬೆಳಿಗ್ಗೆ ಆರಕ್ಕೆ ಅಂಗಳದಲ್ಲಿ ತಲೆ ಎಣಿಕೆ. ಕಾವಲಿನ ವಾರ್ಡರಮ್ಮನಿಗೂ ಲೆಕ್ಕಕ್ಕೂ ಎಣ್ಣೆ ಸೀಗೇಕಾಯಿ ಸಂಬಂಧ. ಅರವತ್ತೆರಡು ಹೆಂಗಸರು ಒಮ್ಮೆ ಅರವತ್ತಾಗುತ್ತಿದ್ದರು, ಒಮ್ಮೆ ಅರವತ್ತೈದು. ಕಡಿಮೆ ಬಂದರೆ ಗಾಬರಿ, ಹೆಚ್ಚು ಬಂದರೆ ಇನ್ನೂ ಗಾಬರಿ. ಬಿಸಿಲೇರುವ ತನಕ ನಿಂತು ನಿಂತು ಮೂರನೇ ದಿನಕ್ಕೆ ಕಂಡಕ್ಟರಮ್ಮನಿಗೆ ತಡೆಯಲಾಗಲಿಲ್ಲ.

"ಮೇಡಂ, ಗುಂಪನ್ನ ಎಣಿಸಬಾರದು. ಬಾಗಿಲಲ್ಲಿ ನಿಂತು ಒಬ್ಬೊಬ್ಬರನ್ನೇ ಬಿಡಿ. ಏಯ್, ಮುಂದೆ ಹೋಗ್ರಮ್ಮಾ! ಒಳಗೆ ಬೇಕಾದಷ್ಟು ಜಾಗ ಇದೆ!"

ನಾಲ್ಕೇ ನಿಮಿಷದಲ್ಲಿ ಅರವತ್ತೆರಡು. ಅಂದಿನಿಂದ ಕೈದಿಗಳನ್ನು ಕೈದಿಯೇ ಎಣಿಸಿದಳು, ವಾರ್ಡರಮ್ಮ ಸಹಿ ಹಾಕಿದಳು.

ಕಿಟಕಿಯ ಪಕ್ಕದ ಚಾಪೆ ಡಾಕ್ಟರಮ್ಮನದು. ಓದಿದ್ದು ಆರನೇ ಕ್ಲಾಸು. ಹನ್ನೊಂದು ವರ್ಷ ಕ್ಲಿನಿಕ್ ನಡೆಸಿದ್ದಳು. "ನನ್ನ ಕೈಯಲ್ಲಿ ಸತ್ತವರು ಒಬ್ಬರೂ ದೂರು ಕೊಟ್ಟಿಲ್ಲ," ಎನ್ನುತ್ತಿದ್ದಳು. ತಲೆನೋವಿರಲಿ, ಮಂಡಿನೋವಿರಲಿ, ಅವಳದು ಒಂದೇ ಔಷಧಿ: ಬಿಸಿನೀರು ಕುಡಿ, ನಡೆದಾಡು, ಗಂಡನ ಯೋಚನೆ ಬಿಡು. ನಿಜವಾದ ವೈದ್ಯರು ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದರಿಂದ ವಾರ್ಡರುಗಳೂ ಕಂಬಿಯಾಚೆ ನಿಂತು ಅವಳಿಗೆ ನಾಲಿಗೆ ತೋರಿಸುತ್ತಿದ್ದರು.

ಬುಧವಾರ ಬಿಟ್ಟು ಬುಧವಾರ ಅತ್ತೆ ಬರುತ್ತಿದ್ದರು. ಜಾಲರಿಯಾಚೆ ಕೂತು ನಲ್ಲಿಯಲ್ಲಿ ನೀರು ಬಾರದ್ದು, ಹಾಲಿನವನ ಮೋಸ ಎಲ್ಲ ಹೇಳಿ, ಏಳುವಾಗ "ದಪ್ಪ ಆಗಬೇಡ, ರೋಗಿ ಅಂತ ಹೇಳಿದೀನಿ" ಎಂದು ಎಚ್ಚರಿಸಿ ಹೋಗುತ್ತಿದ್ದರು.

ಆದರೆ ಅವಳು ಬಿಡುಗಡೆಯಾಗಿ ಬಂದದ್ದು ಆರು ಕಿಲೋ ಹೆಚ್ಚಾಗಿಯೇ. ಬೀದಿ ತಿರುವಿನಲ್ಲೇ ಅತ್ತೆ ಪಿಸುಗುಟ್ಟಿದರು: "ಮಧ್ಯೆ ಮಧ್ಯೆ ಕೆಮ್ಮು."

ಒಂದು ವಾರ ಕೆಮ್ಮಿದಳು. ಎಂಟನೇ ದಿನ ಪಕ್ಕದ ಮನೆಯ ರಿಟೈರ್ಡ್ ಟೀಚರಮ್ಮ ಹಣ್ಣು ಹಿಡಿದು ರೋಗಿಯನ್ನು ನೋಡಲು ಬಂದರು. ಅವರು ಕೂತು ಐದು ನಿಮಿಷವಾಗಿಲ್ಲ, ಬಾಗಿಲಲ್ಲಿ ಡಾಕ್ಟರಮ್ಮ! ಹಿಂದಿನ ದಿನವಷ್ಟೇ ಬಿಡುಗಡೆಯಾಗಿದ್ದಳು, ಕೈಯಲ್ಲೊಂದು ಬಟ್ಟೆ ಚೀಲ.

"ಅತ್ತೆ, ಇವರೇ ನಮ್ಮ ಡಾಕ್ಟರಮ್ಮ," ಎಂದಳು ಸೊಸೆ.

ಸೊಸೆ ಕೊನೆಗೂ ತನ್ನ ಸುಳ್ಳಿಗೆ ಸಾಕ್ಷಿ ತಂದಳೆಂದು ಅತ್ತೆ ಹಿಗ್ಗಿದರು. "ಬನ್ನಿ ಡಾಕ್ಟ್ರೇ, ಕೂತ್ಕೊಳ್ಳಿ! ಟೀಚರ್, ಇವಳನ್ನ ಉಳಿಸಿದ ದೇವತೆ ಇವರೇ!"

ಟೀಚರಮ್ಮ ಆಗಲೇ ಸೀರೆ ಮೇಲೆತ್ತಿ ಎಡ ಮಂಡಿ ಮುಂದೆ ಚಾಚಿದ್ದರು. ಡಾಕ್ಟರಮ್ಮ ಒತ್ತಿ ನೋಡಿ, "ಬಿಸಿನೀರು ಕುಡಿಯಿರಿ, ನಡೀರಿ. ಗಂಡ ಇದ್ದಾರಾ?" ಎಂದಳು.

"ಹೋಗಿ ಹತ್ತು ವರ್ಷ ಆಯ್ತು."

"ಹಾಗಾದ್ರೆ ಬೇಗ ವಾಸಿಯಾಗುತ್ತೆ."

ಟೀಚರಮ್ಮನಿಗೆ ಖುಷಿಯಾಯಿತು. "ನಿಮ್ಮ ಆಸ್ಪತ್ರೆಯಲ್ಲಿ ಇವಳು ಯಾವ ವಾರ್ಡಲ್ಲಿದ್ದಳು?"

"ಯಾವ ಆಸ್ಪತ್ರೆ? ಐದನೇ ಸೆಲ್ಲಲ್ಲಿ ನನ್ನ ಜೊತೆಗೇ ಇದ್ಲಲ್ಲ."

ಅತ್ತೆ ಜೋರಾಗಿ ಕೆಮ್ಮಿದರು. ಫಲವಾಗಲಿಲ್ಲ. ಟೀಚರಮ್ಮ ಮೂವರ ಮುಖವನ್ನೂ ನೋಡಿದರು. ಆಮೇಲೆ ಎಡಗಾಲನ್ನು ಇಳಿಸಿ ಬಲಗಾಲನ್ನು ಚಾಚಿದರು. "ಇರಲಿ ಬಿಡಿ. ಬಂದಿದ್ದೀರಿ, ಇದನ್ನೂ ಒಂಚೂರು ನೋಡಿಬಿಡಿ."

ಸಂಜೆಯೊಳಗೆ ಬೀದಿಗೆಲ್ಲ ಗೊತ್ತಾಯಿತು. ಮರುದಿನ ನಾಲ್ಕು ಹೆಂಗಸರು, ರಾತ್ರಿ ಅಲ್ಲೇ ಉಳಿದಿದ್ದ ಡಾಕ್ಟರಮ್ಮನನ್ನು ಹುಡುಕಿಕೊಂಡು ಬಂದರು. ಅವಳು ಕೈಮುಗಿದಳು. "ಬೇಡಮ್ಮಾ. ಮತ್ತೆ ಒಳಗೆ ಹೋದ್ರೆ ಕಕ್ಕಸಿನ ಪಕ್ಕದಿಂದ ಶುರು ಮಾಡ್ಬೇಕು," ಎಂದು ಚೀಲ ಎತ್ತಿಕೊಂಡು ತಂಗಿಯ ಊರಿಗೆ ಹೋದಳು.

ಅತ್ತೆ ಎರಡು ದಿನ ಸೊಸೆಯ ಜೊತೆ ಮಾತು ಬಿಟ್ಟರು. ಮೂರನೇ ದಿನ ಬೀನ್ಸ್ ಸೋಸುತ್ತಾ ತಲೆಯೆತ್ತದೆ ಕೇಳಿದರು: "ಬುಧವಾರ ನಾನು ಹೋದ ಮೇಲೆ ಏನ್ ಮಾಡ್ತಿದ್ದೆ?"

"ಕಕ್ಕಸಲ್ಲಿ ಕೂತು ಅಳ್ತಿದ್ದೆ ಅತ್ತೆ. ಅಲ್ಲಿ ಕೂತು ಮುಖ ಕಿವುಚಿದ್ರೆ ಯಾಕೆ ಅಂತ ಯಾರೂ ಕೇಳ್ತಿರ್ಲಿಲ್ಲ."

ಅತ್ತೆ ನಗಲು ಹೋದರು, ಆಗಲಿಲ್ಲ. ಸೋಸಿದ ಬೀನ್ಸಿಗೆ ನಾರನ್ನೂ ಸೇರಿಸಿ ಸೊಸೆಯ ಮಡಿಲಿಗೆ ಸುರಿದು ಒಳಗೆ ಎದ್ದುಹೋದರು.

ಹಳೆಯ ಕೆಲಸ ಮರಳಿ ಸಿಗಲಿಲ್ಲ. ಒಬ್ಬ ಖಾಸಗಿ ಬಸ್ ಮಾಲೀಕ, "ಹಿಂದಿನ ಕೆಲಸ ಯಾಕೆ ಬಿಟ್ರಿ?" ಎಂದು ಕೇಳಿದ. ನಡೆದದ್ದನ್ನು ನಡೆದ ಹಾಗೆ ಹೇಳಿದಳು. ಅವನು ಸ್ವಲ್ಪ ಹಿಂದಕ್ಕೆ ಸರಿದು ಕೂತು, "ನಾಳೆಯಿಂದ ಬನ್ನಿ," ಎಂದ. "ಆದ್ರೆ ನಮ್ಮಲ್ಲಿ ಟಿಕೆಟ್ ಮಷಿನ್ ಇಲ್ಲ. ಕಾಗದದ ಪುಸ್ತಕ."