ಸಾವನದುರ್ಗದ ದಾರಿಯಲ್ಲಿ ಅತ್ತೆ ಇಳಿದದ್ದು

ಭಾನುವಾರ ಬೆಳಿಗ್ಗೆ ವಿಜಯನಗರದ ನಮ್ಮ ಮನೆ ಮುಂದೆ ಹೊಸ ಕಾರು ನಿಲ್ಲಿಸಿ ಸರಸ್ವತಿ ಅತ್ತೆಯನ್ನು ಕರೆದೆ. ಅವರು ನನ್ನ ಅಪ್ಪನ ತಂಗಿ, ಹೈಸ್ಕೂಲಿನಲ್ಲಿ ಪಿ.ಟಿ. ಮೇಡಂ ಆಗಿದ್ದವರು. ಪಾರ್ಶ್ವವಾಯುವಿನ ನಂತರ ಎಡಗಾಲು ಸೋತಿತ್ತು. ನಮ್ಮ ಹಳೆಯ ಕಾರಿನ ಸೀಟು ತೀರಾ ತಗ್ಗು. ಕೂರಿಸಲು, ಎಬ್ಬಿಸಲು ಇಬ್ಬರು ಕಂಕುಳಿಗೆ ಕೈ ಕೊಡಬೇಕಿತ್ತು. ಆ ನಾಚಿಕೆಗೇ ಅತ್ತೆ ಆಸ್ಪತ್ರೆ ಬಿಟ್ಟು ಬೇರೆಲ್ಲಿಗೂ ಬರುತ್ತಿರಲಿಲ್ಲ.

ಈ ಪುಟ್ಟ ಎಸ್‌ಯುವಿಯ ಸೀಟು ಅವರ ಸೊಂಟದ ಎತ್ತರಕ್ಕಿತ್ತು. ಬಾಗಿಲು ಹಿಡಿದು, ಬೆನ್ನು ತಿರುಗಿಸಿ ಕೂತರು. ಕಾಲುಗಳನ್ನು ಒಂದೊಂದಾಗಿ ತಾವೇ ಒಳಗೆಳೆದುಕೊಂಡರು. ನಾನು ಚಾಚಿದ ಕೈ ಹಾಗೇ ಉಳಿಯಿತು. ಹಿಂದಿನ ಸೀಟಿನ ಅರ್ಧ ಮಡಚಿ ವೀಲ್‌ಚೇರ್ ಮಲಗಿಸಿದೆ.

ಮಾಗಡಿ ರಸ್ತೆಯ ಟ್ರಾಫಿಕ್ಕಿನಲ್ಲಿ ಆಟೊಗಳ ನಡುವೆ ನುಸುಳುವಷ್ಟು ಗಾಡಿ ಚಿಕ್ಕದು. ಆದರೂ ಎತ್ತರಕ್ಕೆ ಕೂತಿದ್ದರಿಂದ ಅತ್ತೆಗೆ ಬೀದಿಯೆಲ್ಲ ಕಾಣುತ್ತಿತ್ತು. ತಾವರೆಕೆರೆಯಲ್ಲಿ ತಟ್ಟೆ ಇಡ್ಲಿ ತಿಂದೆವು.

"ಹುಡುಗೀರನ್ನ ಕರ್ಕೊಂಡು ಸಾವನದುರ್ಗ ಹತ್ತಿಸ್ತಿದ್ದೆ ಕಣೇ. ಕೆಳಗಿಂದಾದ್ರೂ ಒಂದ್ಸಲ ನೋಡ್ಬೇಕು," ಅಂದರು.

ಬೆಟ್ಟದ ಕಡೆಗಿನ ದಾರಿಯನ್ನು ಮಳೆ ಕೊಚ್ಚಿತ್ತು. ತಳ ತಾಗದೆ ಗಾಡಿ ಕೊರಕಲು ದಾಟಿತು. ಆಚೆ ಒಂದು ಬೈಕು ಕೆಸರಿನಲ್ಲಿ ಬಿದ್ದಿತ್ತು. ಪಕ್ಕದಲ್ಲಿ ಯುವತಿಯೊಬ್ಬಳು ಕಾಲು ಹಿಡಿದು ನರಳುತ್ತಿದ್ದಳು.

"ಅಕ್ಕಾ, ಕಾಲು ಮುರ್ದೋಗಿದೆ ಅನ್ಸುತ್ತೆ. ಆಂಬುಲೆನ್ಸ್ ತುಂಬಾ ಲೇಟಾಗುತ್ತಂತೆ," ಎಂದು ಪಕ್ಕದಲ್ಲೇ ನಿಂತಿದ್ದ ಅವಳ ಗಂಡ ಓಡಿಬಂದ.

ಅವಳನ್ನು ಮಲಗಿಸಲು ಹಿಂದಿನ ಸೀಟು ಪೂರ್ತಿ ಬೇಕಿತ್ತು. ನಾನು ಯೋಚಿಸುತ್ತಿರುವಾಗಲೇ ಅತ್ತೆ ಬಾಗಿಲು ತೆಗೆದರು.

"ಕುರ್ಚಿ ಇಳಿಸು. ನಾನೂ ಇಳೀತೀನಿ. ಆ ಹುಡುಗ ಮುಂದೆ ಕೂರ್ಲಿ."

"ನೀವೊಬ್ರೇನಾ ಅತ್ತೆ?"

"ಒಬ್ಳೇ. ಹೊರಡು."

ಹತ್ತಿರದ ಹೊಂಗೆ ಮರದಡಿ ಒಂದು ಟೀ ಅಂಗಡಿ. ಅತ್ತೆಯ ಕುರ್ಚಿಯನ್ನು ಅಲ್ಲಿಗೆ ತಳ್ಳಿದೆ. ಅಂಗಡಿಯಾಕೆ "ನಾನಿದೀನಲ್ಲ, ಹೋಗ್ಬನ್ನಿ" ಎಂದಳು.

ಮಾಗಡಿಯ ಆಸ್ಪತ್ರೆ ತಲುಪುವವರೆಗೆ ಪ್ರತಿ ಕುಲುಕಿಗೂ ಹಿಂದಿನಿಂದ ನರಳಾಟ ಕೇಳುತ್ತಿತ್ತು. ನನ್ನ ಅರ್ಧ ಜೀವ ಮರದಡಿಯೇ ಇತ್ತು. ಕಾಯಿಲೆಯಾದಂದಿನಿಂದ ಅತ್ತೆಯನ್ನು ಒಂದು ಗಳಿಗೆಯೂ ಒಬ್ಬರನ್ನೇ ಬಿಟ್ಟಿರಲಿಲ್ಲ.

ಮರಳಿ ಬಂದಾಗ ಕುರ್ಚಿ ಖಾಲಿಯಿತ್ತು. ಕಾರಿನಿಂದ ಇಳಿದು ಓಡಿದೆ. ನೋಡಿದರೆ ಅತ್ತೆ ಅಂಗಡಿಯ ಕಲ್ಲುಬೆಂಚಿನ ಮೇಲೆ, ಇಬ್ಬರು ಗಿರಾಕಿಗಳ ನಡುವೆ ಟೀ ಲೋಟ ಹಿಡಿದು ಕಬಡ್ಡಿಯ ಬಗ್ಗೆ ವಾದಿಸುತ್ತಿದ್ದರು.

"ಆ ಹುಡುಗಿ ಹೇಗಿದಾಳೆ?"

"ಮೂಳೆ ಮುರಿದಿದೆ. ಪ್ರಾಣಕ್ಕೇನೂ ಭಯ ಇಲ್ಲ ಅಂದ್ರು. ನಿಮಗೆ ಹೆದರಿಕೆ ಆಗ್ಲಿಲ್ವಾ?"

ಅತ್ತೆ ಲೋಟ ಕೆಳಗಿಟ್ಟರು. "ಯಾರೂ ನನ್ನನ್ನ ನೋಡ್ಕೋತಾ ಇರ್ಲಿಲ್ಲ ಕಣೇ. ಎಷ್ಟು ಹಗುರಾಗಿತ್ತು ಗೊತ್ತಾ?"

ಮಧ್ಯಾಹ್ನ ಸಾವನದುರ್ಗದ ಬುಡದಲ್ಲಿ ಕಾರು ನಿಲ್ಲಿಸಿದೆವು. ಒದ್ದೆ ಬಂಡೆ ಕಪ್ಪಗೆ ಹೊಳೆಯುತ್ತಿತ್ತು. ಹತ್ತುವವರ ಕೂಗು ಕೇಳಿ ಅತ್ತೆ ಕತ್ತೆತ್ತಿ ಬಹಳ ಹೊತ್ತು ನೋಡಿದರು.

ಸಂಜೆ ಸುಂಕದಕಟ್ಟೆಯ ಜಾಮಿನಲ್ಲಿ ಸಿಕ್ಕಿಕೊಂಡಿದ್ದಾಗ ಅತ್ತೆ ಕೇಳಿದರು.

"ಮುಂದಿನ ವಾರ ಎಲ್ಲಿಗೆ?"

"ನೀವು ಹೇಳಿದ ಕಡೆಗೆ, ಅತ್ತೆ."

"ಎಲ್ಲಾದ್ರೂ ಸರಿ. ನನ್ನನ್ನ ಅಲ್ಲಿ ಇಳ್ಸಿ, ನೀನೊಂದು ಸುತ್ತು ಹೋಗ್ಬಾ."