ಎಮ್ಮೆಯ ತಕರಾರು

ನಮ್ಮ ಟ್ರಸ್ಟಿನ ಕಾರ್ಯದರ್ಶಿಗಳ ಬಲಗೈ ಉಗುರುಗಳ ಸುತ್ತ ಒಣಗಿದ ಮೈದಾ ಅಂಟು ಸದಾ ಸಿಪ್ಪೆ ಏಳುತ್ತಿತ್ತು. ನೋಟಿಸು ಅಂಟಿಸಲು ಆಳಿದ್ದರೂ ಅವರೇ ಮನೆಯಲ್ಲಿ ಅಂಟು ಕುದಿಸಿ, ಡಬ್ಬಿಯನ್ನು ಸ್ಕೂಟರಿಗೆ ತೂಗುಹಾಕಿಕೊಂಡು ಹೊರಡುತ್ತಿದ್ದರು. ಮನೆಯಲ್ಲಿ ತಿಂಡಿಗೂ ಇದೇನಾ ಸಾರ್ ಅಂತ ನಾನು ರೇಗಿಸುತ್ತಿದ್ದೆ. ಕಮಿಟಿಯಲ್ಲಿ ಆ ಧೈರ್ಯ ಇದ್ದದ್ದು ನನಗೊಬ್ಬನಿಗೇ. ಮೈಸೂರಿನಲ್ಲಿ ನನ್ನ ಕೈಗೆ ಸಿಕ್ಕಿ ಪೆಚ್ಚಾಗದವರು ಕಡಿಮೆ.

ನಮ್ಮದು ಬಡ ಹೆಣ್ಣುಮಕ್ಕಳ ಹಾಸ್ಟೆಲ್ ನಡೆಸುವ ಟ್ರಸ್ಟು. ಶ್ರೀರಾಂಪುರದಲ್ಲಿ, ಹಾಸ್ಟೆಲಿನ ಹಿಂದೆಯೇ, ಹಿಂದೊಬ್ಬ ಅಜ್ಜಿ ದಾನ ಕೊಟ್ಟ ಖಾಲಿ ಜಾಗವಿದೆ. ಛತ್ರ ಕಟ್ಟುವವರೊಬ್ಬರು ಅದನ್ನು ದೀರ್ಘಕಾಲದ ಗುತ್ತಿಗೆಗೆ ಕೇಳಿದರು. ನಾವೆಲ್ಲ ಅವತ್ತೇ ಸಹಿ ಹಾಕಲು ಪೆನ್ನು ತೆಗೆದೆವು. ಕಾರ್ಯದರ್ಶಿಗಳು ತಡೆದರು. ಟ್ರಸ್ಟ್ ಡೀಡಿನಲ್ಲಿ ನಮಗೆ ಆ ಅಧಿಕಾರ ಇದೆಯೇ ನೋಡಬೇಕು, ಸಂಬಂಧವಿಲ್ಲದವರಿಂದ ಬೆಲೆ ಕಟ್ಟಿಸಬೇಕು, ಊರಿಗೆ ತಿಳಿಯುವಂತೆ ನೋಟಿಸು ಹಾಕಬೇಕು, ಕೋರ್ಟಿನ ಅನುಮತಿ ಪಡೆಯಬೇಕು ಎಂದರು. ನಮ್ಮ ಜಾಗಕ್ಕೆ ಇಷ್ಟೆಲ್ಲ ಯಾಕೆ ಎಂದು ಅಧ್ಯಕ್ಷರು ಗೊಣಗಿದರು.

‘ನಮ್ದಲ್ಲ ಕಣ್ರೀ. ಆ ಮಕ್ಕಳದು. ನಾವು ಕಾಯೋರು ಅಷ್ಟೇ.’

ಅದಲ್ಲದೆ ಕಾರ್ಯದರ್ಶಿಗಳದೇ ಒಂದು ಪದ್ಧತಿಯಿತ್ತು. ನೋಟಿಸಿನಲ್ಲಿ ಹೇಳಿದ ದಿನ ಆ ಜಾಗದಲ್ಲೇ ಹೊಂಗೆ ಮರದಡಿ ಕುರ್ಚಿ ಹಾಕಿಕೊಂಡು, ತಕರಾರು ಹೇಳುವವರಿಗಾಗಿ ಸಂಜೆಯವರೆಗೆ ಕಾಯುವುದು. ಓದಲು ಬಾರದವರೂ ಕುರ್ಚಿ ನೋಡಿ ಬಂದು ವಿಚಾರಿಸುತ್ತಾರೆ ಅನ್ನುವುದು ಅವರ ನಂಬಿಕೆ. ಕಮಿಟಿಯವರೂ ಜೊತೆಗೆ ಕೂರಬೇಕು. ಮಧ್ಯಾಹ್ನವಾದರೂ ಒಬ್ಬರೂ ಬರಲಿಲ್ಲ. ನಾನು ಎದ್ದು ಹೋಗಿ, ಅಲ್ಲೇ ಮೇಯುತ್ತಿದ್ದ ಎಮ್ಮೆಯನ್ನು ಹಿಡಿದು, ನನ್ನ ಶಲ್ಯ ಹೊದಿಸಿ, ಅವರೆದುರು ನಿಲ್ಲಿಸಿ, ಇವರದೊಂದು ತಕರಾರಿದೆ ಎಂದೆ. ಅಧ್ಯಕ್ಷರು ನಕ್ಕು ನಕ್ಕು ಕುರ್ಚಿಯಿಂದ ಜಾರಿದರು.

ಕಾರ್ಯದರ್ಶಿಗಳು ನಗಲಿಲ್ಲ. ಎಮ್ಮೆಯ ಹಿಂದೆ ಓಡಿಬಂದ ಹಾಲಿನಮ್ಮನಿಗೆ ತಮ್ಮ ಕುರ್ಚಿ ಬಿಟ್ಟುಕೊಟ್ಟು, ವಿಷಯ ತಿಳಿಸಿ, ನಿಮ್ಮದೇನಾದರೂ ತಕರಾರಿದೆಯಾ ಎಂದು ಕೇಳಿದರು.

‘ನನ್ ಎಮ್ಮೆ ಬುಡಿ ಸಾ, ಎಲ್ಲಾದ್ರೂ ಮೇಯ್ತದೆ. ಸಂಜೆವೊತ್ತು ಹಾಸ್ಟೆಲ್ ಹೆಣ್ಮಕ್ಳು ಇಲ್ಲೇ ಆಡೋದು. ಛತ್ರ ಕಟ್ಬುಟ್ರೆ ಅವು ಎಲ್ಲಿಗೋಗ್ಬೇಕು?’

ಅದನ್ನು ಹಾಗೇ ಬರೆದುಕೊಂಡು ಕೋರ್ಟಿನ ಮುಂದಿಟ್ಟರು. ಅರ್ಧ ಜಾಗವನ್ನು ಮಕ್ಕಳ ಆಟಕ್ಕೆ ಬಿಡಬೇಕೆಂಬ ಷರತ್ತಿನ ಮೇಲೆ ಅನುಮತಿ ಬಂತು. ಆ ಆಟದ ಬಯಲು ಉಳಿಸಿದವನು ನಾನೇ ಎಂದು ಊರೆಲ್ಲ ಕೊಚ್ಚಿಕೊಂಡೆ. ಅವರು ಒಮ್ಮೆಯೂ ಅಲ್ಲವೆನ್ನಲಿಲ್ಲ.

ಹೋದ ವರ್ಷ ಅವರು ತೀರಿಕೊಂಡರು. ಸುದ್ದಿ ಬಂದಾಗ ಹಲ್ಲುಜ್ಜುತ್ತಿದ್ದೆ. ಉಜ್ಜಿ ಮುಗಿಸಿದೆ. ಹೋಗಿ ನೋಡಿದಾಗಲೂ ಏನೂ ಅನ್ನಿಸಲಿಲ್ಲ. ಸ್ನಾನ ಮಾಡಿಸಿದ್ದರು, ಉಗುರು ಸ್ವಚ್ಛವಾಗಿತ್ತು. ಬೇರೆ ಯಾರದೋ ಕೈಯಂತಿತ್ತು. ಇವತ್ತಿಗೂ ಅತ್ತಿಲ್ಲ. ಅವರ ಜಾಗಕ್ಕೆ ನೀವೇ ಬನ್ನಿ ಎಂದರು ಕಮಿಟಿಯವರು, ಹೂಂ ಅಂದೆ.

ಈಗ ಮಕ್ಕಳಿಗೆ ಬಿಟ್ಟ ಉಳಿದರ್ಧವನ್ನು ಮಾರಿಯೇಬಿಡುವ ಮಾತು ಬಂದಿದೆ. ಯಾರ ಕಣ್ಣಿಗೂ ಬೀಳದ ಪೇಪರಿನಲ್ಲಿ ನೋಟಿಸು ಹಾಕಿಸಿ, ತಕರಾರಿಲ್ಲವೆಂದು ಕೋರ್ಟಿಗೆ ಹೇಳಿದರಾಯಿತು, ಕುರ್ಚಿಗಿರ್ಚಿ ಬೇಡ ಎಂದರು ಅಧ್ಯಕ್ಷರು. ನಾನು ಮನೆಗೆ ಬಂದು ಮೈದಾ ಕುದಿಸಿದೆ. ಗಂಟುಗಂಟಾಯಿತು. ಅದರಲ್ಲೇ ನೋಟಿಸು ಅಂಟಿಸಿದೆ.

ಹೇಳಿದ ದಿನ ಹೊಂಗೆ ಮರದಡಿ ಎರಡು ಕುರ್ಚಿ ಹಾಕಿ ಕೂತೆ. ಕಮಿಟಿಯವರು ಬರಲಿಲ್ಲ. ಸಂಜೆ ಹಾಸ್ಟೆಲಿನ ಮಕ್ಕಳು ಚೆಂಡು ಹಿಡಿದು ಬಂದರು. ಅವರಲ್ಲೊಬ್ಬಳು ಖಾಲಿ ಕುರ್ಚಿ ಯಾರಿಗೆ ತಾತ ಎಂದು ಕೇಳಿದಳು. ತಕರಾರು ಹೇಳುವವರಿಗೆ ಎಂದು, ಜಾಗ ಮಾರುವ ವಿಷಯ ತಿಳಿಸಿದೆ. ಅವಳು ಚೆಂಡನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು.

ನಾನು ಪೆನ್ನು ತೆಗೆದೆ. ನನ್ನ ಉಗುರುಗಳ ಸುತ್ತಲೂ ಅಂಟು ಸಿಪ್ಪೆ ಏಳುತ್ತಿತ್ತು.

‘ಹೇಳಮ್ಮ,’ ಎಂದೆ, ‘ಬರ್ಕೋತೀನಿ.’