ಬೆದರಿಕೆಗೆ ಉಪ್ಪುಖಾರ
ಕೋರ್ಟಿನ ಮೆಟ್ಟಿಲ ಪಕ್ಕ ಟೈಪ್‌ರೈಟರ್ ಇಟ್ಟುಕೊಂಡು ಕೂರುವ ಅರ್ಜಿ ತಾತನಿಗೆ ಸಪ್ಪೆ ಬೆದರಿಕೆ ಕಂಡರೆ ಆಗುವುದಿಲ್ಲ. ದೂರು ಬರೆಸಲು ಬಂದವರಿಗೆ "ಅವನು ಅಂದಿದ್ದನ್ನ ಇದ್ದದ್ದು ಇದ್ದ ಹಾಗೆ ಹೇಳಿ" ಎನ್ನುತ್ತಾನೆ. ಹೇಳಿದ ಮೇಲೆ ಇದ್ದದ್ದು ಅವನಿಗೆ ಸಾಲುವುದಿಲ್ಲ. "'ನಿನ್ನ ಒಂದು ಕೈ ನೋಡ್ಕೋತೀನಿ' ಅಂದ್ನಾ? ನಮ್ಮನೇಲಿ ನನಗೆ ದಿನಾ ಬೆಳಿಗ್ಗೆ ಅಂತಾರೆ ಅದನ್ನ, ಕೇಸು ನಿಲ್ಲಲ್ಲ. ಕಾಲು ಮುರೀತೀನಿ ಅನ್ನಲಿಲ್ವಾ?" ಪಕ್ಕದ ಮನೆಯವನು ಬರೀ ಗುರಾಯಿಸಿದ ಎಂದ ದರ್ಜಿಯ ಅರ್ಜಿಯಲ್ಲಿ, ಆ ಬಡಪಾಯಿ ಮಚ್ಚು ಹಿಡಿದು, ಹಲ್ಲು ಕಡಿದು, ಏಳು ತಲೆಮಾರನ್ನೂ ಮುಗಿಸುವುದಾಗಿ ಅಬ್ಬರಿಸಿಬಿಟ್ಟ. ಅದನ್ನು ಓದಿಸಿ ಕೇಳಿದ ದರ್ಜಿ ಹೆದರಿ ಒಂದು ವಾರ ಮನೆ ಕಡೆ ತಲೆ ಹಾಕಲಿಲ್ಲ. ಇಷ್ಟೆಲ್ಲ ಅಬ್ಬರ ಬರೆಯುವ ತಾತ, ತನ್ನ ಬೆಂಚಿನ ಮೇಲೆ ಮಲಗುವ ಬೀದಿನಾಯಿಗೆ ಮಾತ್ರ "ಸ್ವಲ್ಪ ಸರಿಯಪ್ಪಾ" ಎಂದು ಬೇಡಿಕೊಂಡು ಅಂಚಿನಲ್ಲಿ ಕೂರುತ್ತಾನೆ. ಮೊನ್ನೆ, ಕೊಲೆ ಕೇಸಿನಲ್ಲಿ ಸಾಕ್ಷಿ ಹೇಳಬೇಕಾದ ಹೆಂಗಸೊಬ್ಬಳು, ಆರೋಪಿಯ ತಮ್ಮ ಬೆದರಿಸಿದ ಎಂದು ದೂರು ಬರೆಸಲು ಬಂದಳು. ಅವನು ಏನಂದ ಎಂದು ತಾತ ಕೇಳಿದ್ದಕ್ಕೆ, "'ನಿನ್ನ ಮಗಳ ಸ್ಕೂಲು ನಾಲ್ಕಕ್ಕೆ ಬಿಡುತ್ತೆ ಅಲ್ವಾ' ಅಂದ. ನಗ್‌ನಗ್ತಾನೇ ಅಂದ" ಎಂದಳು. ತಾತ ಒಂದಕ್ಷರವನ್ನೂ ಸೇರಿಸದೆ ಅಷ್ಟನ್ನೇ ಟೈಪ್ ಮಾಡಿದ. ಆಮೇಲೆ ಗಡಿಯಾರ ನೋಡಿ, ಟೈಪ್‌ರೈಟರ್‌ಗೆ ಮುಸುಕು ಹಾಕಿ, ಕೊಡೆ ಎತ್ತಿಕೊಂಡು, "ಮೂರೂವರೆ ಆಯ್ತು, ನಡಿಯಮ್ಮ, ನಾನೂ ಬರ್ತೀನಿ" ಎಂದ.